ಚಂದ್ರನ ಕರಿ ಭಾಗ ಅಂದ್ರ ನಮ್ಮ ವಿಜಾಪುರದ ಕರಿಕಲ್ಲೇ ಏನ್ರಿ?

ಎರಿಹೊಲದ ಹುಡುಗ:

ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ವಿಜಾಪುರ ಕಡೆ, ಇಲ್ಲಿ ಎಲ್ಲಿ ಬಾವಿ ತೋಡಿದ್ರೂ ಎರಿಮಣ್ಣು ಮುಗದ ಕೂಡ್ಲೇ ಕರಿಕಲ್ಲು ಬಡೀತೈತಿ, ಗೋಳಗುಮ್ಮಟ ಕಟ್ಟಿದ್ದೂ ಅದ ಕಲ್ಲಿನಾಗ. ಅಕ್ಕನ ಮಗ ಒಂಬತ್ತನೇತ್ತೆ ಅದಾನ, ಹುಣ್ಣಿವಿ ಚಂದ್ರನಾಗ ಕಾಣೋ ಕರಿ ಕಲೆ ಅಂದ್ರ ಲಾವಾ ಹರದು ಗಟ್ಟಿಯಾದ ಬಸಾಲ್ಟು, ನಮ್ಮ ಊರ ಕಲ್ಲಿನಂಥಾದ್ದ ಅಂತ ಅವನ ಸೈನ್ಸ್ ಸರ್ ಹೇಳ್ಯಾರಂತ. ಈಗ ಅವ ನನ್ನ ತಲಿ ತಿನ್ನಾಕತ್ತಾನ. ಮಾಮಾ ಹಂಗಿದ್ರ ಅಲ್ಲಿ ಜ್ವಾಲಾಮುಖಿ ಗುಡ್ಡ ಎಲ್ಲೈತಿ, ಆ ದೊಡ್ಡ ದೊಡ್ಡ ಕುಳಿ ಎಲ್ಲಾ ಜ್ವಾಲಾಮುಖಿ ಬಾಯಿನಾ, ಅಷ್ಟು ಸಣ್ಣ ಚಂದ್ರನ ಹೊಟ್ಟ್ಯಾಗ ಬೆಂಕಿ ಎಲ್ಲಿಂದ ಬಂತು ಅಂತ. ನಾ ಬಿಕಾಂ ಓದಿದವ, ನನಗೇನ್ ಗೊತ್ತ್ರಿ. ಕನ್ನಡ ಯೂಟ್ಯೂಬ್ ನೋಡಿದ್ರ ಅರ್ಧ ಮಂದಿ ಚಂದ್ರ ಒಳಗ ಟೊಳ್ಳು ಐತಿ ಅಂತ ಹೇಳಾಕತ್ತಾರ. ಎರಡೂ ಕಲ್ಲು ಖರೇನ ಒಂದಾ? ಒಂದೇ ಆದ್ರ, ಕಲ್ಲು ಕೈಯಾಗ ಕೊಟ್ಟಾಗ ಇದು ಚಂದ್ರಂದು, ಇದು ಇಂಡಿ ತಾಲೂಕಿಂದು ಅಂತ ಹ್ಯಾಂಗ ಹೇಳ್ತಾರ? ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳ್ರಿ.

ಕಲ್ಲುಕುಟಿಗ:

ಸರ್ ಹೇಳಿದ್ದು ಸರಿನೇ ಇದೆ, ಆ ಕರಿ ಬಯಲು ಪೂರ್ತಿ ಲಾವಾನೇ. ಅದರ ಸುಳಿವು ಮನುಷ್ಯ ಅಲ್ಲಿಗೆ ಹೋಗೋಕ್ ಮುಂಚೆನೇ ಸಿಕ್ಕಿತ್ತು, 1967ರಲ್ಲಿ ಸರ್ವೇಯರ್ 5 ಅಂತ ನೌಕೆ ಇಳಿದು ಮಣ್ಣಿನ ಕೆಮಿಸ್ಟ್ರಿ ಅಳೆದಾಗ ಲೆಕ್ಕ ಬಸಾಲ್ಟ್ ಹತ್ರ ಬಂತು, ಆಮೇಲೆ 1969ರಲ್ಲಿ ಅಪೋಲೊ 11ನವರು ಕಲ್ಲನ್ನೇ ಹೊತ್ಕೊಂಡು ಬಂದ್ರು.

ಮಿನರಲ್ ಹೆಸರು ಮಾತ್ರ ನೋಡಿದ್ರೆ ನಿಮ್ಮೂರಿನ ಡೆಕ್ಕನ್ ಟ್ರ್ಯಾಪ್ ಕಲ್ಲಿಗೂ ಅದಕ್ಕೂ ಅಷ್ಟೇನ್ ವ್ಯತ್ಯಾಸ ಇಲ್ಲ. ಪೈರಾಕ್ಸೀನ್, ಪ್ಲೇಜಿಯೋಕ್ಲೇಸ್ ಅನ್ನೋ ಫೆಲ್ಡ್‌ಸ್ಪಾರ್, ಅಲ್ಲಲ್ಲಿ ಆಲಿವೀನ್, ಜೊತೆಗೆ ಒಂದಷ್ಟು ಕಪ್ಪು ಆಕ್ಸೈಡ್. ವ್ಯತ್ಯಾಸ ಇರೋದು ಅಳತೆಯಲ್ಲಿ. ನಿಮ್ಮ ಕಲ್ಲಲ್ಲಿ ಐರನ್ ಆಕ್ಸೈಡ್ ಸುಮಾರು 12-14 ಪರ್ಸೆಂಟ್ ಇದ್ರೆ ಚಂದ್ರನದ್ದರಲ್ಲಿ 18ರಿಂದ 22ರವರೆಗೂ ಹೋಗತ್ತೆ. ಸೋಡಿಯಂ ಪೊಟ್ಯಾಸಿಯಂ ತುಂಬಾ ಕಮ್ಮಿ, ಅದಕ್ಕೇ ಅಲ್ಲಿನ ಫೆಲ್ಡ್‌ಸ್ಪಾರ್ ಪೂರ್ತಿ ಕ್ಯಾಲ್ಸಿಯಂ ಕಡೆಗೆ ವಾಲಿರತ್ತೆ. ಆಮೇಲೆ ಟೈಟಾನಿಯಂ! ಅಪೋಲೊ 11 ಇಳಿದ ಜಾಗದ ಕಲ್ಲಲ್ಲಿ ಟೈಟಾನಿಯಂ ಡೈಆಕ್ಸೈಡ್ 10-12 ಪರ್ಸೆಂಟ್, ಭೂಮಿ ಮೇಲೆ ಯಾವ ಮಾಮೂಲಿ ಬಸಾಲ್ಟಲ್ಲೂ ಅಷ್ಟು ಸಿಗಲ್ಲ, ನಿಮ್ಮ ಕಡೆದು ಎರಡು ಮೂರು ಪರ್ಸೆಂಟ್ ಇದ್ರೆ ಹೆಚ್ಚು. ಅದರಲ್ಲಿ ಹೆಚ್ಚಿನದ್ದು ಇಲ್ಮನೈಟ್ ಆಗಿ ಕೂತಿರತ್ತೆ, ಕೇರಳದ ಚವರ ಬೀಚಲ್ಲಿ ಕರಿಮರಳು ತೆಗೀತಾರಲ್ಲ, ಅದೇ ಮಿನರಲ್. ಹಂಗಂತ ಚಂದ್ರನ ಎಲ್ಲಾ ಕಲ್ಲೂ ಟೈಟಾನಿಯಂ ಗಣಿ ಅಂದ್ಕೋಬೇಡಿ, ಅಪೋಲೊ 12ರವರು ತಂದಿದ್ದರಲ್ಲಿ ಕಮ್ಮಿ, 1976ರಲ್ಲಿ ರಷ್ಯಾದ ಲೂನಾ 24 ತಂದಿದ್ದರಲ್ಲಿ ಒಂದು ಪರ್ಸೆಂಟ್ ಆಸುಪಾಸು ಅಷ್ಟೇ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣೋದು ನೀರಿನ ಕಥೆ. ನಿಮ್ಮ ಕಲ್ಲಿಗೆ 6.6 ಕೋಟಿ ವರ್ಷ ವಯಸ್ಸು, ಅಷ್ಟರಲ್ಲೇ ಮಳೆ ಬಿಸಿಲಿಗೆ ಮೇಲಿನ ಪದರ ಕೊಳೆತು ಎರೆಮಣ್ಣಾಗಿ ಜೋಳ ಬೆಳೀತಿದೀರಿ. ಅಪೋಲೊ 11ರ ಕಲ್ಲಿಗೆ 360ರಿಂದ 390 ಕೋಟಿ ವರ್ಷ, ಆದ್ರೂ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಒಂದೊಂದು ಹರಳೂ ಗಾಜಿನ ಥರ ಸ್ವಚ್ಛ, ಜೇಡಿ ಇಲ್ಲ, ತುಕ್ಕು ಇಲ್ಲ, ನೀರು ಹೀರಿ ಹಸಿರಾದ ಮಿನರಲ್ ಒಂದೂ ಇಲ್ಲ. ಲಾವಾ ಹರಿದಾಗಲೂ ಆಕ್ಸಿಜನ್ ಎಷ್ಟು ಕಮ್ಮಿ ಇತ್ತು ಅಂದ್ರೆ ಸ್ವಲ್ಪ ಕಬ್ಬಿಣ ಆಕ್ಸೈಡ್ ಆಗದೆ ಶುದ್ಧ ಲೋಹದ ಸಣ್ಣ ಸಣ್ಣ ಹನಿಯಾಗಿ ಕಲ್ಲೊಳಗೇ ಉಳ್ಕೊಂಡಿದೆ.

ಗುಡ್ಡದ ವಿಷಯ. ಕಬ್ಬಿಣ ಜಾಸ್ತಿ ಸಿಲಿಕಾ ಕಮ್ಮಿ ಇರೋ ಲಾವಾ ಸಿಕ್ಕಾಪಟ್ಟೆ ತೆಳು. ಅದೇ ಕೆಮಿಸ್ಟ್ರಿಯ ಕಲ್ಲನ್ನ ಲ್ಯಾಬಲ್ಲಿ ಕರಗಿಸಿ ನೋಡಿದ್ರೆ ಹರಿಯೋ ಗುಣ ಇಂಜಿನ್ ಆಯಿಲ್ ಥರ ಇತ್ತಂತೆ. ಅಂಥದ್ದು ಒಂದೇ ಕಡೆ ಗುಪ್ಪೆಯಾಗಿ ಗುಡ್ಡ ಕಟ್ಟಲ್ಲ, ಉದ್ದ ಬಿರುಕಲ್ಲಿ ಬಂದು ತಗ್ಗಿನ ಕಡೆ ನೂರಾರು ಕಿಲೋಮೀಟರ್ ಹರಿದು ಹೋಗತ್ತೆ. ಡೆಕ್ಕನ್ ಟ್ರ್ಯಾಪಲ್ಲೂ ಅಷ್ಟೇ ಅಲ್ವಾ, ನಿಮ್ಮ ವಿಜಾಪುರದಲ್ಲಿ ಕೋನ್ ಆಕಾರದ ಜ್ವಾಲಾಮುಖಿ ಎಲ್ಲಿದೆ ತೋರಿಸಿ ನೋಡೋಣ! ಚಂದ್ರನಲ್ಲಿ ಅದರ ಬದಲು ಹಾವಿನ ಹಾಗೆ ಸುತ್ಕೊಂಡು ಹೋಗೋ ಕಾಲುವೆಗಳಿವೆ. ಅಪೋಲೊ 15ನವರು ಹ್ಯಾಡ್ಲಿ ರಿಲ್ ಅಂತ ಒಂದರ ದಂಡೆ ಮೇಲೇ ನಿಂತಿದ್ರು, ಒಂದು ಕಿಲೋಮೀಟರಿಗೂ ಜಾಸ್ತಿ ಅಗಲ, 300 ಮೀಟರಿಗೂ ಜಾಸ್ತಿ ಆಳ, ಎದುರು ಗೋಡೆಯಲ್ಲಿ ಲಾವಾ ಪದರ ಪದರವಾಗಿ ಕಾಣ್ತಿತ್ತು. ಸಣ್ಣ ಗುಮ್ಮಟದಂಥ ದಿಬ್ಬಗಳೂ ಇವೆ, ಮೇರಿಯಸ್ ಹಿಲ್ಸ್ ಕಡೆ.

ಪ್ರಶ್ನೆ ಪಾಪಣ್ಣ:

ಇಷ್ಟೆಲ್ಲಾ ಯಾಕ್ ಸುತ್ತಿಸ್ತೀರಾ ಗುರೂ. ದೊಡ್ಡ ಉಲ್ಕೆ ಬಂದು ಗುದ್ದಿತು, ಗುದ್ದಿದ ಬಿಸಿಗೆ ಕಲ್ಲು ಕರಗಿ ಗುಂಡಿ ತುಂಬ್ತು, ಅದೇ ಕರಿ ಕಲೆ. ಹೊಟ್ಟೆಯೊಳಗೆ ಬೆಂಕಿ ಗಿಂಕಿ ಬೇಕೇ ಇಲ್ಲ. ನಾನು ಸ್ಕೂಲಲ್ಲಿ ಹಂಗೇ ಓದಿದ್ದು.

ಕಲ್ಲುಕುಟಿಗ:

ಪಾಪಣ್ಣೋರೆ, ತುಂಬಾ ಜನ ಹಿಂಗೇ ಅಂದ್ಕೊಂಡಿರ್ತಾರೆ, ಆದ್ರೆ ವಯಸ್ಸು ತಾಳೆ ಆಗಲ್ಲ. ಗುಂಡಿಗಳು ಉಲ್ಕೆ ಗುದ್ದಿ ಆಗಿದ್ದು, ಅದರಲ್ಲಿ ತಕರಾರಿಲ್ಲ. ನಮ್ಮ ಬುಲ್ಡಾಣ ಜಿಲ್ಲೆಯ ಲೋಣಾರ್ ಕೂಡ ಡೆಕ್ಕನ್ ಬಸಾಲ್ಟ್ ಮೇಲೆ ಗುದ್ದಿ ಆದ 1.8 ಕಿಲೋಮೀಟರ್ ಕುಳಿ, ಚಂದ್ರನ ಕುಳಿ ಅರ್ಥ ಮಾಡ್ಕೊಳ್ಳೋಕೆ ವಿಜ್ಞಾನಿಗಳು ಅಲ್ಲಿಗೇ ಬರ್ತಾರೆ. ಆದ್ರೆ ಗುಂಡಿ ಆದ ಕಾಲ ಬೇರೆ, ಲಾವಾ ತುಂಬಿದ ಕಾಲ ಬೇರೆ. ಇಂಬ್ರಿಯಂ ಅನ್ನೋ ಮಹಾ ಗುಂಡಿ ಆಗಿದ್ದು ಸುಮಾರು 390 ಕೋಟಿ ವರ್ಷ ಹಿಂದೆ, ಅದರ ಅಂಚಲ್ಲಿ ಅಪೋಲೊ 15 ಎತ್ಕೊಂಡ ಬಸಾಲ್ಟ್ ವಯಸ್ಸು 330 ಕೋಟಿ. ಮಧ್ಯೆ 60 ಕೋಟಿ ವರ್ಷ ಗ್ಯಾಪು. ಗುದ್ದಿದ ಬಿಸಿ ಅಷ್ಟು ದಿನ ಕಾಯ್ಕೊಂಡ್ ಕೂತಿರತ್ತಾ?

ಇನ್ನೊಂದು, ಗುದ್ದಿ ಕರಗಿದ ಕಲ್ಲೂ ಚಂದ್ರನಲ್ಲಿ ಬೇಕಾದಷ್ಟಿದೆ, ಅದರ ಕೆಮಿಸ್ಟ್ರಿ ನೋಡಿದ್ರೆ ಮೇಲ್ಪದರದ ಕಲ್ಲೆಲ್ಲಾ ಕಲಸಿದ ಹಾಗೆ, ಅಲ್ಯೂಮಿನಿಯಂ ಜಾಸ್ತಿ, ಜೊತೆಗೆ ಉಲ್ಕೆಯಿಂದ ಬಂದ ನಿಕಲ್ ಇರಿಡಿಯಂ. ಬಸಾಲ್ಟಲ್ಲಿ ಅದು ಯಾವುದೂ ಇರಲ್ಲ. ಚಂದ್ರನ ಅತಿ ದೊಡ್ಡ ಗುಂಡಿ ಯಾವುದು ಹೇಳಿ? ಸೌತ್ ಪೋಲ್-ಐಟ್ಕನ್, ಹೆಚ್ಚೂ ಕಮ್ಮಿ 2,500 ಕಿಲೋಮೀಟರ್ ಅಗಲ, ನಮಗೆ ಕಾಣದ ಹಿಂಬದಿಯಲ್ಲಿದೆ. ಗುದ್ದಿದ್ದಕ್ಕೇ ಲಾವಾ ಬರೋದಾಗಿದ್ರೆ ಅಲ್ಲಿ ಲಾವಾ ಸಮುದ್ರನೇ ಇರಬೇಕಿತ್ತು, ಇರೋದು ಅಲ್ಲಲ್ಲಿ ಒಂದಿಷ್ಟು ತೇಪೆ. ಗುಂಡಿ ಮಾಡಿಕೊಟ್ಟಿದ್ದು ಜಾಗ, ಅಷ್ಟೇ. ಮೇಲ್ಪದರ ತೆಳುವಾದ ಕಡೆ ಲಾವಾ ಸುಲಭವಾಗಿ ಹತ್ತಿ ಬಂದು ತಗ್ಗಲ್ಲಿ ನಿಂತ್ಕೊಳ್ತು.

ಪ್ರಶ್ನೆ ಪಾಪಣ್ಣ:

ಇರಿಡಿಯಂ ಪಾಯಿಂಟ್ ಒಪ್ಪಿದೆ. ಸರಿ ಹಂಗಾದ್ರೆ ಒಳಗೆ ಕರಗಿದ್ದು ಯಾಕೆ, ಅದನ್ನ ಹೇಳಿ.

ಪೇಡಾ ನಗರಿ:

ಇದು ನನ್ನ ಏರಿಯಾ, ಸ್ವಲ್ಪ ಉದ್ದ ಆಗತ್ತೆ ಕ್ಷಮಿಸಿ. (ಹುಟ್ಟಿದ್ದು ಧಾರವಾಡ, ಈಗ ಹೊರಗೆ ಜಿಯೋಕೆಮಿಸ್ಟ್ರಿ ಮಾಡ್ತಿದೀನಿ, ಮೇಲಿನ ಕಾಮೆಂಟ್ ಬರೆದವರು ಬಸಾಲ್ಟ್ ಬಗ್ಗೆ ಹೇಳಿದ್ದೆಲ್ಲಾ ಸರಿ ಇದೆ ಆದ್ರೆ ಬಿಳಿ ಭಾಗ ಬಿಟ್ಟುಬಿಟ್ರು, ಬಿಳಿ ಬಿಟ್ಟು ಕರಿ ಅರ್ಥ ಆಗೋದೇ ಇಲ್ಲ.)

ಸುಮಾರು 450 ಕೋಟಿ ವರ್ಷದ ಹಿಂದೆ ಇನ್ನೂ ಎಳೆ ಭೂಮಿಗೆ ಮಂಗಳದಷ್ಟು ದೊಡ್ಡ ಇನ್ನೊಂದು ಗ್ರಹ ಬಂದು ಡಿಕ್ಕಿ ಹೊಡೀತು, ಎರಚಿದ ಚೂರೆಲ್ಲಾ ಸೇರಿ ಚಂದ್ರ ಆಯ್ತು ಅನ್ನೋದು ಇವತ್ತು ಹೆಚ್ಚಿನವರು ಒಪ್ಪೋ ಮಾತು. ಆಗ ಹುಟ್ಟಿದ ಚಂದ್ರನ ಮೈ ನೂರಾರು ಕಿಲೋಮೀಟರ್ ಆಳದವರೆಗೂ ಕರಗಿದ ಕಲ್ಲೇ. ಅದು ಆರ್ತಾ ಬಂದಾಗ ಮೊದಲು ಆಲಿವೀನ್, ಆಮೇಲೆ ಪೈರಾಕ್ಸೀನ್ ಹರಳು ಕಟ್ಟಿ ಭಾರಕ್ಕೆ ತಳಕ್ಕೆ ಹೋದ್ವು. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಗಟ್ಟಿಯಾದ ಮೇಲೆ ಪ್ಲೇಜಿಯೋಕ್ಲೇಸ್ ಶುರುವಾಯ್ತು, ಅದು ಉಳಿದ ಪಾಕಕ್ಕಿಂತ ಹಗುರ, ತೇಲಿ ಮೇಲೆ ಬಂದು ಸೇರ್ತು. ನಾವು ನೋಡೋ ಬಿಳಿ ಚಂದ್ರ ಅದೇ, ಅನಾರ್ಥೊಸೈಟ್ ಅಂತಾರೆ. ಕೊನೆಗೆ ಉಳಿದ ಪಾಕದಲ್ಲಿ ಇಲ್ಮನೈಟ್ ಕಟ್ಟಿತು. ಇನ್ನೂ ಉಳಿದ ಚೂರುಪಾರಿನಲ್ಲಿ ಯಾವ ಹರಳೂ ಸೇರಿಸ್ಕೊಳ್ಳದ ಪೊಟ್ಯಾಸಿಯಂ, ರೇರ್ ಅರ್ತ್ ಅನ್ನೋ ಲೋಹಗಳ ಗುಂಪು, ಫಾಸ್ಫರಸ್ ಎಲ್ಲಾ ಒಟ್ಟು ಸೇರಿದ್ವು, ಅದಕ್ಕೆ ಕ್ರೀಪ್ ಅಂತ ಹೆಸರು, ಯುರೇನಿಯಂ ಥೋರಿಯಂ ಕೂಡ ಅದರಲ್ಲೇ.

ಇದಕ್ಕೆಲ್ಲಾ ಸಾಕ್ಷಿ ಏನು ಅಂತ ಕೇಳ್ತೀರಿ. ಯೂರೋಪಿಯಂ. ರೇರ್ ಅರ್ತ್‌ಗಳ ಸಾಲಲ್ಲಿ ಇದೊಂದು ಮಾತ್ರ ಆಕ್ಸಿಜನ್ ಕಮ್ಮಿ ಇದ್ದಾಗ ಕ್ಯಾಲ್ಸಿಯಂ ಥರ ವೇಷ ಹಾಕಿ ಪ್ಲೇಜಿಯೋಕ್ಲೇಸ್ ಒಳಗೆ ನುಗ್ಗತ್ತೆ. ಅನಾರ್ಥೊಸೈಟ್ ಅಳೆದ್ರೆ ಯೂರೋಪಿಯಂ ಅಕ್ಕಪಕ್ಕದ ಧಾತುಗಳಿಗಿಂತ ಎದ್ದು ನಿಲ್ಲತ್ತೆ. ಕರಿ ಬಸಾಲ್ಟ್ ಅಳೆದ್ರೆ ಗ್ರಾಫಲ್ಲಿ ಅದೇ ಜಾಗದಲ್ಲಿ ಗುಳಿ. ಅಂದ್ರೆ ಬಸಾಲ್ಟ್ ಹುಟ್ಟೋಕೆ ಎಷ್ಟೋ ಕೋಟಿ ವರ್ಷ ಮುಂಚೆನೇ, ಅದರ ತಾಯಿ ಕಲ್ಲಿಂದ ಯಾರೋ ಯೂರೋಪಿಯಂ ಎತ್ಕೊಂಡು ಹೋಗಿದಾರೆ, ಎತ್ಕೊಂಡ ಮಾಲು ಮೇಲಿನ ಬಿಳಿ ಪದರದಲ್ಲಿ ಸಿಕ್ಕಿದೆ. ಎರಡು ಕಲ್ಲಲ್ಲೂ ಒಂದೇ ಲೆಕ್ಕದ ಜಮಾ ಖರ್ಚು. ನಾನು ಮೊದಲ ಸಲ ಆ ಗ್ರಾಫ್ ನೋಡಿದಾಗ ಕ್ಲಾಸಲ್ಲಿ ನಿದ್ದೆ ಹೊಡೀತಿದ್ದವಳು ಎದ್ದು ಕೂತಿದ್ದೆ, ಅಷ್ಟು ಮಜಾ ಇದೆ ಅದು.

ಈಗ ಪಾಪಣ್ಣೋರ ಪ್ರಶ್ನೆ. ಮೇಲೆ ಉಳಿದ ಇಲ್ಮನೈಟ್ ಪದರ ಕೆಳಗಿನ ಆಲಿವೀನ್‌ಗಿಂತ ಭಾರ. ಭಾರದ್ದು ಮೇಲೆ ಹಗುರದ್ದು ಕೆಳಗೆ ಇದ್ರೆ ನಿಲ್ಲಲ್ಲ, ಗಟ್ಟಿ ಕಲ್ಲೇ ಆದ್ರೂ ಬಿಸಿಯಲ್ಲಿ ನಿಧಾನಕ್ಕೆ ಮಗುಚಿಕೊಳ್ಳತ್ತೆ, ಮೇಲಿನದ್ದು ಕೆಳಗೆ ಇಳಿಯತ್ತೆ ಕೆಳಗಿನದ್ದು ಮೇಲೆ ಏರತ್ತೆ. ಹಾಗೆ ಮಿಶ್ರ ಆದ ಒಳಪದರ ಆಮೇಲೆ ವಿಕಿರಣದ ಬಿಸಿಗೆ ಅಲ್ಲಲ್ಲಿ ಒಂದಿಷ್ಟು ಕರಗಿ ಬಸಾಲ್ಟ್ ಪಾಕ ಆಯ್ತು. ಇಲ್ಮನೈಟ್ ಜಾಸ್ತಿ ಸೇರಿದ ಕಡೆದು ಕರಗಿದ್ರೆ ಅಪೋಲೊ 11ರ ಥರ ಟೈಟಾನಿಯಂ ತುಂಬಿದ ಲಾವಾ, ಸೇರದೇ ಇದ್ದ ಕಡೆದು ಕರಗಿದ್ರೆ ಲೂನಾ 24ರ ಥರದ್ದು. ಒಂದೇ ಚಂದ್ರನಲ್ಲಿ ಇಷ್ಟು ಬಗೆ ಯಾಕೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ವಿವರಣೆ ನಾನಂತೂ ನೋಡಿಲ್ಲ. ಪ್ರಮಾಣ ಮಾತ್ರ ಕಮ್ಮಿನೇ, ಕರಿ ಭಾಗ ಮೇಲ್ಮೈಯ 17 ಪರ್ಸೆಂಟ್ ಕಂಡ್ರೂ ದಪ್ಪ ಇಲ್ಲ, ಇಡೀ ಹೊರಪದರದ ಲೆಕ್ಕದಲ್ಲಿ ಒಂದು ಪರ್ಸೆಂಟ್ ಆಸುಪಾಸು.

ಬೆಳದಿಂಗಳ ಬೆಂಗ್ಳೂರು:

ಸೂಪರ್ ಮೇಡಂ. ಇದಕ್ಕೆ ನಮ್ಮ ಚಂದ್ರಯಾನ 3 ಸೇರಿಸ್ಲೇಬೇಕು. 2023ರ ಆಗಸ್ಟ್ 23ಕ್ಕೆ ವಿಕ್ರಮ್ ಇಳಿದಿದ್ದು ಬಿಳಿ ಭಾಗದಲ್ಲಿ, ದಕ್ಷಿಣದ ಕಡೆ. ಪ್ರಗ್ಯಾನ್ ರೋವರ್ ನೂರು ಮೀಟರ್ ಓಡಾಡಿ 23 ಕಡೆ ಎಕ್ಸ್-ರೇ ಉಪಕರಣ ಇಟ್ಟು ಮಣ್ಣು ಅಳೀತು, ಎಲ್ಲಾ ಕಡೆನೂ ಹೆಚ್ಚೂ ಕಮ್ಮಿ ಒಂದೇ ಥರ ಅನಾರ್ಥೊಸೈಟ್ ಮಣ್ಣು, ಮೆಗ್ನೀಷಿಯಂ ಸ್ವಲ್ಪ ಜಾಸ್ತಿ. ಅದುವರೆಗೂ ಅಷ್ಟು ದಕ್ಷಿಣಕ್ಕೆ ಹೋಗಿ ನೆಲದ ಮೇಲೇ ಅಳೆದವರು ಯಾರೂ ಇರ್ಲಿಲ್ಲ. ಕರಗಿದ ಚಂದ್ರನ ಕಥೆಗೆ ಅದು ಬಲ ಕೊಡ್ತು ಅಂತ 2024ರಲ್ಲಿ ಅಹಮದಾಬಾದಿನ ಪಿಆರ್‌ಎಲ್ (ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ) ನವರು ನೇಚರ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಪೇಪರ್ ಹಾಕಿದ್ರು. ಇಳಿಸೋ ಪ್ರಾಕ್ಟೀಸಿಗೆ ಇಸ್ರೋದವರು ಬೆಂಗಳೂರಲ್ಲಿ ನಕಲಿ ಚಂದ್ರನ ಮಣ್ಣು ಮಾಡಿದ್ದು ಯಾವ ಕಲ್ಲಿಂದ ಗೊತ್ತಾ, ತಮಿಳುನಾಡು ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿ ಅನಾರ್ಥೊಸೈಟ್ ಪುಡಿ ಮಾಡಿ. ಅದಕ್ಕೆ ಪೇಟೆಂಟ್ ಕೂಡ ಇದೆ. ಕರಿ ಭಾಗಕ್ಕೆ ಹೋಗೋದಾಗಿದ್ರೆ ವಿಜಾಪುರಕ್ಕೇ ಬರ್ಬೇಕಿತ್ತೇನೋ!

ಎರಿಹೊಲದ ಹುಡುಗ:

ಬರ್ರಿ ಬರ್ರಿ, ಲಾರಿಗಟ್ಟಲೆ ಕೊಡ್ತೀವಿ. ಭಾಳ ಛಲೋ ಹೇಳಿದ್ರಿ ಎಲ್ಲಾರೂ, ಅಕ್ಕಾವ್ರ ಯೂರೋಪಿಯಂ ವಿಷಯ ಎರಡು ಸಲ ಓದಿದೆ, ತಿಳೀತು ಅನಸ್ತೈತಿ. ಹುಡುಗ ಇನ್ನೊಂದು ತಂದಾನ, ಯಾವದೋ ಪುಸ್ತಕದಾಗ ಚಂದ್ರನ ಮ್ಯಾಲೆ ಕಿತ್ತಳಿ ಬಣ್ಣದ ಮಣ್ಣು ಸಿಕ್ಕೈತಿ ಅಂತ ಫೋಟೋ ಐತಂತ. ತುಕ್ಕು ಇಲ್ಲ ಅಂದ್ರಲ್ಲ, ಮತ್ತ ಇದೇನು?

ಪೇಡಾ ನಗರಿ:

ಅಯ್ಯೋ ಅದು ನನ್ನ ಫೇವರಿಟ್ ಸ್ಯಾಂಪಲ್. 1972 ಡಿಸೆಂಬರ್, ಅಪೋಲೊ 17, ಶಾರ್ಟಿ ಅನ್ನೋ ಸಣ್ಣ ಕುಳಿ ಅಂಚು. ಹೋದವರಲ್ಲಿ ಹ್ಯಾರಿಸನ್ ಶ್ಮಿಟ್ ಅಂತ ಒಬ್ಬರು, ಅಪೋಲೊದಲ್ಲಿ ಚಂದ್ರನ ಮೇಲೆ ನಡೆದವರ ಪೈಕಿ ಭೂವಿಜ್ಞಾನ ಓದಿ ಅದನ್ನೇ ವೃತ್ತಿ ಮಾಡ್ಕೊಂಡಿದ್ದವರು ಅವರೊಬ್ಬರೇ. ಕಾಲಲ್ಲಿ ಮಣ್ಣು ಕೆದಕಿದ್ರೆ ಬೂದು ಬಣ್ಣದ ಕೆಳಗೆ ಕಿತ್ತಳೆ. ತುಕ್ಕು ಹಿಡಿದಿದೆ, ಹೊಸ ಜ್ವಾಲಾಮುಖಿ ಬಾಯಿ ಸಿಕ್ತು ಅಂತ ಅವತ್ತು ಎಲ್ಲರಿಗೂ ಖುಷಿಯೋ ಖುಷಿ. ಭೂಮಿಗೆ ತಂದು ನೋಡಿದ್ರೆ ತುಕ್ಕಲ್ಲ, ಗಾಜು. ಒಂದೊಂದೂ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಸಣ್ಣ ಗುಂಡಗಿನ ಮಣಿ, ಟೈಟಾನಿಯಂ ಒಂಬತ್ತು ಪರ್ಸೆಂಟ್ ಇರೋದ್ರಿಂದ ಆ ಬಣ್ಣ. ಅದೇ ಕೆಮಿಸ್ಟ್ರಿಯ ಪಾಕ ಸ್ವಲ್ಪ ನಿಧಾನ ಆರಿದ್ದು ಒಳಗೆ ಇಲ್ಮನೈಟ್ ಆಲಿವೀನ್ ಗೀಟು ಕಟ್ಟಿ ಕಪ್ಪು ಮಣಿ ಆಗಿದೆ. ವಯಸ್ಸು ಸುಮಾರು 360 ಕೋಟಿ ವರ್ಷ. ಕುಳಿ ಮಾತ್ರ ಎಳೇದು, ಯಾವುದೋ ಉಲ್ಕೆ ಗುದ್ದಿ ಹಳೇ ಪದರ ಮೇಲೆ ತಂದಿದ್ದು ಅಷ್ಟೇ.

ಹೇಗೆ ಆಯ್ತು ಅಂದ್ರೆ, ಆಳದಿಂದ ಪಾಕ ಏರಿ ಬರುವಾಗ ಒತ್ತಡ ಇಳಿದು ಕಾರ್ಬನ್ ಮಾನಾಕ್ಸೈಡಿನಂಥ ಗ್ಯಾಸ್ ಬಿಟ್ಕೊಳ್ತು, ಲಾವಾ ಕಾರಂಜಿ ಥರ ಚಿಮ್ಮಿತು, ಗಾಳಿ ಇಲ್ಲ ಗುರುತ್ವ ಕಮ್ಮಿ, ಹನಿ ಹನಿಯಾಗಿ ದೂರ ಹಾರಿ ನೆಲಕ್ಕೆ ಬೀಳೋದ್ರೊಳಗೆ ಗಟ್ಟಿ. ಮಣಿಗಳ ಮೈ ಮೇಲೆ ಸತು, ಗಂಧಕದ ತೆಳು ಲೇಪ ಇದೆ, ಅದು ಆ ಗ್ಯಾಸ್ ಬಿಟ್ಟು ಹೋದ ಗುರುತು. ಅಪೋಲೊ 15 ಹಸಿರು ಮಣಿ ತಂತು, ಅದರಲ್ಲಿ ಟೈಟಾನಿಯಂ ಅರ್ಧ ಪರ್ಸೆಂಟಿಗಿಂತ ಕಮ್ಮಿ, ಮೆಗ್ನೀಷಿಯಂ ಜಾಸ್ತಿ. ಕಲ್ಲುಕುಟಿಗರು ಚಂದ್ರ ಒಣಕಲು ಅಂದ್ರಲ್ಲ, 2008ರಲ್ಲಿ ಈ ಮಣಿಗಳೊಳಗೇ ನೀರಿನ ಅಂಶ ಸಿಕ್ತು, 2011ರಲ್ಲಿ ಕಿತ್ತಳೆ ಮಣಿಯ ಆಲಿವೀನ್ ಹರಳಲ್ಲಿ ಸಿಕ್ಕಿಕೊಂಡ ಪಾಕದ ಚುಕ್ಕೆಯಲ್ಲಿ ಇನ್ನೂ ಜಾಸ್ತಿ ಸಿಕ್ತು. ಹಾಗಾಗಿ ಒಣಗಿದೆ ಹೌದು, ಆದ್ರೆ ಒಳಗಡೆ ಎಲ್ಲಾ ಕಡೆ ಒಂದೇ ಸಮ ಒಣಗಿಲ್ಲ.

ಕಲ್ಲುಕುಟಿಗ:

ಒಪ್ಪಿದೆ, ಆದ್ರೆ ಕಲ್ಲಲ್ಲಿ ನೀರಿರೋ ಮಿನರಲ್ ಕಾಣಲ್ಲ ಅನ್ನೋದು ನಿಜ ತಾನೇ. ಇರ್ಲಿ. ನಂದೊಂದು ಡೌಟು, ಲಾವಾ ಎಲ್ಲಾ ನಮ್ಮ ಕಡೆ ಮುಖದಲ್ಲೇ ಯಾಕೆ ಅಂದ್ರೆ ಕ್ರೀಪ್ ಈ ಕಡೆ ಗುಂಪಾಗಿತ್ತು, ಅದರ ವಿಕಿರಣದ ಬಿಸಿಗೆ ಇಲ್ಲಿ ಜಾಸ್ತಿ ಕರಗ್ತು ಅಂತ ನಾವು ಓದಿದ್ದು. ಅಷ್ಟಕ್ಕೆ ಮುಗೀತಲ್ವಾ?

ಪೇಡಾ ನಗರಿ:

ಮುಗಿದಿದ್ರೆ ನಮಗೆ ಕೆಲಸ ಇರ್ತಿರಲಿಲ್ಲ 😄 2020ರ ಡಿಸೆಂಬರಲ್ಲಿ ಚೀನಾದ ಚಾಂಗ್-ಎ 5 ಆ ಕ್ರೀಪ್ ಜಾಸ್ತಿ ಇರೋ ಸೀಮೆಯಿಂದಲೇ 1,731 ಗ್ರಾಂ ತಂತು. ವಯಸ್ಸು 200 ಕೋಟಿ ವರ್ಷ ಅಷ್ಟೇ, ಅಪೋಲೊ ತಂದ ಬಸಾಲ್ಟುಗಳಿಗಿಂತ 100 ಕೋಟಿ ವರ್ಷ ಎಳೇದು. ಇಷ್ಟು ತಡವಾಗಿ ಲಾವಾ ಬಂದಿದೆ ಅಂದ್ರೆ ಖಂಡಿತ ಕ್ರೀಪ್ ಬಿಸಿನೇ ಕಾರಣ ಅಂತ ಅಂದ್ಕೊಂಡು ಅಳೆದ್ರೆ, ಆ ಬಸಾಲ್ಟ್ ಹುಟ್ಟಿದ ಒಳಪದರದಲ್ಲಿ ಕ್ರೀಪ್ ಹೆಚ್ಚೇನೂ ಇರಲೇ ಇಲ್ಲ, ನೀರೂ ಇಲ್ಲ. ಮತ್ತೆ ಕರಗಿಸಿದ್ದು ಯಾರು? ಕರಗಿದ ಚಂದ್ರ ಆರುವಾಗ ಕೊನೆಕೊನೆಗೆ ಗಟ್ಟಿಯಾದ, ಕಮ್ಮಿ ಬಿಸಿಗೇ ಕರಗೋ ಪದರ ಅಲ್ಲಿ ಸೇರಿತ್ತು ಅಂತ ಒಂದು ವಾದ ಇದೆ, ನನಗೆ ಅದು ಹೆಚ್ಚು ಸರಿ ಅನ್ಸತ್ತೆ, ಒಪ್ಪದವರೂ ಇದಾರೆ.

2024ರಲ್ಲಿ ಚಾಂಗ್-ಎ 6 ಹಿಂಬದಿಯ ಅದೇ ಸೌತ್ ಪೋಲ್-ಐಟ್ಕನ್ ಗುಂಡಿಯಿಂದ ಸುಮಾರು 1.9 ಕೆಜಿ ತಂತು, ಹಿಂಬದಿ ಕಲ್ಲು ಮನುಷ್ಯನ ಕೈಗೆ ಬಂದಿದ್ದು ಅದೇ ಮೊದಲು. ಅಲ್ಲಿನ ಬಸಾಲ್ಟ್ 280 ಕೋಟಿ ವರ್ಷದ್ದು, ಅದರಲ್ಲೂ ಕ್ರೀಪ್ ಕಮ್ಮಿ. ಒಂದು ಚೂರು ಮಾತ್ರ 420 ಕೋಟಿ ವರ್ಷದ್ದು, ಅದರಲ್ಲಿ ಕ್ರೀಪ್ ಇದೆ. ಕ್ರೀಪ್ ಇಲ್ಲದೇನೂ ಲಾವಾ ಬರತ್ತೆ ಅಂದ್ಮೇಲೆ ಮುಂಬದಿಗೂ ಹಿಂಬದಿಗೂ ಇರೋ ವ್ಯತ್ಯಾಸಕ್ಕೆ ಹೊರಪದರದ ದಪ್ಪವೂ ಸೇರಿ ಬೇರೆ ಕಾರಣ ಹುಡುಕ್ಬೇಕು.

ಎರಿಹೊಲದ ಹುಡುಗ:

ನನ್ನ ಕೊನೀ ಪ್ರಶ್ನೆ ಹಂಗ ಉಳೀತ್ರಿ, ಕೈಯಾಗಿನ ಕಲ್ಲು ಹ್ಯಾಂಗ ಗುರುತ ಹಿಡಿಯೂದು? ವಾಟ್ಸಾಪಿನಾಗ ಒಬ್ಬಂವ ಚಂದ್ರನ ಉಲ್ಕೆ, ಮ್ಯಾಗ್ನೆಟ್ಟಿಗೆ ಅಂಟತೈತಿ ನೋಡ್ರಿ ಅಂತ ವಿಡಿಯೋ ಹಾಕಿ ರೊಕ್ಕ ಕೇಳಾಕತ್ತಾನ.

ಕಲ್ಲುಕುಟಿಗ:

ರೊಕ್ಕ ಕೊಡಬೇಡಿ ಮೊದಲು. ಮ್ಯಾಗ್ನೆಟ್ ಟೆಸ್ಟ್ ಇಲ್ಲಿ ಪೂರ್ತಿ ಉಲ್ಟಾ. ನಿಮ್ಮ ಹೊಲದ ಡೆಕ್ಕನ್ ಕಲ್ಲಲ್ಲಿ ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಆಕ್ಸೈಡ್ ಇರತ್ತೆ, ಒಳ್ಳೆ ಮ್ಯಾಗ್ನೆಟ್ ದಾರಕ್ಕೆ ಕಟ್ಟಿ ಹತ್ರ ಹಿಡಿದ್ರೆ ಎಳೆಯತ್ತೆ. ಚಂದ್ರನ ಬಸಾಲ್ಟಲ್ಲಿ ಆಕ್ಸಿಜನ್ ಕಮ್ಮಿ ಇರೋದ್ರಿಂದ ಮ್ಯಾಗ್ನೆಟೈಟ್ ಇಲ್ಲವೇ ಇಲ್ಲ ಅನ್ನಬಹುದು, ಲೋಹದ ಚುಕ್ಕೆ ಒಂದಿಷ್ಟು ಅಷ್ಟೇ, ಮ್ಯಾಗ್ನೆಟ್ ಹೆಚ್ಚೇನೂ ಎಳೆಯಲ್ಲ. ಜೋರಾಗಿ ಅಂಟಿದ್ರೆ ಅದು ಚಂದ್ರನದ್ದಲ್ಲ ಅನ್ನೋ ಅನುಮಾನವೇ ಜಾಸ್ತಿ. ಲ್ಯಾಬಲ್ಲಿ ನೋಡೋದು ಕಬ್ಬಿಣ-ಮ್ಯಾಂಗನೀಸ್ ಅನುಪಾತ, ಚಂದ್ರಂದು 70ರ ಆಸುಪಾಸು, ಮಂಗಳದ್ದು 40ರ ಹತ್ತಿರ. ಜೊತೆಗೆ ಬಾಹ್ಯಾಕಾಶದಲ್ಲಿ ಕಾಸ್ಮಿಕ್ ಕಿರಣ ಬಡಿದು ಹುಟ್ಟೋ ಐಸೊಟೋಪ್‌ಗಳು, ಅವು ವಿಜಾಪುರದ ಬಾವಿಯೊಳಗಿನ ಕಲ್ಲಲ್ಲಿ ಹುಟ್ಟೋ ಚಾನ್ಸೇ ಇಲ್ಲ. ಚಂದ್ರನಿಂದ ಬಂದ ಉಲ್ಕೆ ಅಂತ ಮೊದಲು ಗುರುತಿಸಿದ್ದು 1982ರಲ್ಲಿ ಅಂಟಾರ್ಕ್ಟಿಕಾದ ಹಿಮದ ಮೇಲೆ ಸಿಕ್ಕಿದ್ದನ್ನ, ಅಪೋಲೊ ಕಲ್ಲು ಪಕ್ಕದಲ್ಲಿ ಇಟ್ಟು ತಾಳೆ ನೋಡೋಕೆ ಇದ್ದಿದ್ದಕ್ಕೇ ಅದು ಸಾಧ್ಯ ಆಯ್ತು.

ಪೇಡಾ ನಗರಿ:

ಹುಡುಗನಿಗೆ ಒಂದು ಕೆಲಸ ಕೊಡಿ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯವರು ವರ್ಚುವಲ್ ಮೈಕ್ರೋಸ್ಕೋಪ್ ಅಂತ ಫ್ರೀ ಸೈಟ್ ಇಟ್ಟಿದಾರೆ, ಅಪೋಲೊ ಕಲ್ಲುಗಳ ತೆಳು ಹೋಳುಗಳನ್ನ ಮೊಬೈಲಲ್ಲೇ ತಿರುಗಿಸಿ ನೋಡಬಹುದು. ಬಿಳಿ ಪಟ್ಟಿ ಪಟ್ಟಿಯಾಗಿ ಕಾಣೋದು ಪ್ಲೇಜಿಯೋಕ್ಲೇಸ್, ಬಣ್ಣ ಬಣ್ಣದ್ದು ಪೈರಾಕ್ಸೀನ್, ಹೇಗೆ ತಿರುಗಿಸಿದ್ರೂ ಕಪ್ಪಾಗೇ ಇರೋ ಕಡ್ಡಿಗಳು ಇಲ್ಮನೈಟ್. ಆಮೇಲೆ ನಿಮ್ಮ ಹೊಲದ ಒಂದು ಹಸಿ ಕಲ್ಲು, ಅಂದ್ರೆ ಒಡೆದ ಮುಖ ಹೊಳೀತಿರೋದು, ಎತ್ತಿಟ್ಟಿರಿ. ಊರಿಗೆ ಬಂದಾಗ ಧಾರವಾಡದಲ್ಲಿ ಪರಿಚಯದವರ ಹತ್ರ ಸ್ಲೈಡ್ ಮಾಡಿಸಿ ಕೊಡ್ತೀನಿ, ಎರಡನ್ನೂ ಪಕ್ಕಪಕ್ಕ ಇಟ್ಟು ಅವನೇ ನೋಡ್ಲಿ.

ಎರಿಹೊಲದ ಹುಡುಗ:

ಆತ್ರಿ ಅಕ್ಕಾ, ಎಷ್ಟು ದೊಡ್ಡ ಕಲ್ಲು ಬೇಕು ಹೇಳ್ರಿ?

ಪೇಡಾ ನಗರಿ:

ಮುಷ್ಟಿಯಷ್ಟು ಸಾಕು. ಮೇಲಿನ ಕಂದು ಸಿಪ್ಪೆ ಒಡೆದು ತೆಗೀರಿ, ಒಳಗಿನದ್ದು ಬೇಕು.